ಬೀಗದ ಕೈ ಕೇಳುವ ಮೇಷ್ಟ್ರು

ಬೆಳಗಿನ ಐದೂ ಮುಕ್ಕಾಲು. ತುಮಕೂರು ರಸ್ತೆಯ ಟಿ. ದಾಸರಹಳ್ಳಿ ಬಸ್ ಸ್ಟಾಪಿನಲ್ಲಿ ಪೀಣ್ಯದ ಮೊದಲ ಪಾಳಿಗೆ ಹೊರಟವರು ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಾರೆ. ೧೯೮೬ರ ಜನವರಿಯ ಚಳಿಗೆ ಮಫ್ಲರಿನೊಳಗೆ ಮುಖ ಹುದುಗಿಸಿಕೊಂಡ ಆ ಸಾಲಿನ ಪಕ್ಕದಲ್ಲಿ ಕಂದು ಕೋಟಿನ ಹಿರಿಯರೊಬ್ಬರು ಒಬ್ಬೊಬ್ಬರನ್ನೇ ಮಾತನಾಡಿಸುತ್ತ ಬರುತ್ತಿದ್ದಾರೆ. ಟಿಕೆಟ್ ಚೆಕ್ ಮಾಡುವವರಲ್ಲ, ಲಾಟರಿ ಮಾರುವವರೂ ಅಲ್ಲ. ಎಡಗೈಯಲ್ಲಿ ಉದ್ದನೆಯ ನೋಟುಬುಕ್ಕು, ಬಲಗೈಯಲ್ಲಿ ಇಸ್ಪೀಟಿನ ಎಲೆಗಿಂತ ತುಸು ದೊಡ್ಡದಾದ ಒಂದು ಕಾರ್ಡು. ಕಾರ್ಡಿನಲ್ಲಿ ಒಬ್ಬ ಹೆಂಗಸಿನ ಕಪ್ಪು ಬಿಳುಪು ಫೋಟೋ, ಅದರ ಕೆಳಗೆ ‘ಗೋಪಾಲಮ್ಮ’ ಎಂಬ ಹೆಸರು.

ಮಾಕಳಿಯಿಂದ ಬಂದು ಇಲ್ಲಿ ಬಸ್ಸು ಬದಲಿಸುವ ಮುನಿಕೃಷ್ಣಮ್ಮನಿಗೆ ಅವರು ಕಾರ್ಡು ತೋರಿಸುತ್ತಾರೆ. “ಇವರು ನಿಮ್ಮ ಪಕ್ಕದ ಮನಿಗೆ ಬಂದು ಒಂದು ತಿಂಗಳಾತು ಅಂತ ತಿಳಕೊಳ್ರಿ ಅವ್ವಾ. ಒಂದು ದಿನದ ಮಟ್ಟಿಗೆ ನಿಮ್ಮ ಮನಿ ಬೀಗದ ಕೈ ಇವರ ಕಡೆ ಕೊಟ್ಟು ಹೋಗ್ತೀರೇನು?”

ಮುನಿಕೃಷ್ಣಮ್ಮ ಫೋಟೋ ನೋಡುತ್ತಾರೆ. ಅವರ ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಯನ್ನು ಮುಟ್ಟಿ ಬರುತ್ತದೆ. ಮುಖ ನೋಡಿದರೇ ಒಳ್ಳೆಯವರೆಂದು ಗೊತ್ತಾಗುತ್ತದೆ, ಕೊಟ್ಟು ಹೋಗುತ್ತೇನೆ ಎನ್ನುತ್ತಾರೆ. ಹಿರಿಯರು ಅದನ್ನು ಬರೆದುಕೊಳ್ಳುತ್ತಾರೆ, ಸೊಂಟ ಮುಟ್ಟಿದ ಕೈಯನ್ನೂ ಬೇರೆ ಅಂಕಣದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ: ಈ ಹೆಂಗಸಿನ ನಿಜವಾದ ಹೆಸರು ಗೋಪಾಲಮ್ಮ ಅಲ್ಲ, ಸುಗ್ರಾ. ಯಶವಂತಪುರದಲ್ಲಿ ತಮ್ಮ ಪಕ್ಕದ ಮನೆಯವರು. ತಮ್ಮ ಮನೆಯ ಬೀಗದ ಕೈ ಹದಿಮೂರು ವರ್ಷಗಳಿಂದ ಅವರ ಹತ್ತಿರವೇ ಇರುತ್ತದೆ.

ಮುನಿಕೃಷ್ಣಮ್ಮ ಕಾರ್ಡನ್ನು ಮತ್ತೊಮ್ಮೆ ಕೇಳಿ ತೆಗೆದುಕೊಂಡು ನೋಡುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ. ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿ, “ಇರ್ಲಿ ಬುಡಿ ಸಾರ್, ಕೊಡ್ತೀನಿ ಅಂತ್ಲೇ ಬರ್ಕಳಿ,” ಎನ್ನುತ್ತಾರೆ.

ಇವರು ಅಪ್ಪಾಸಾಹೇಬರು. ವಯಸ್ಸು ಐವತ್ತೇಳು. ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಾರೆ. ಮುಂದಿನ ವರ್ಷ ನಿವೃತ್ತಿ. ನಾವು ಒಬ್ಬ ಮನುಷ್ಯನನ್ನು ಕಾಣುವ ಮೊದಲೇ ಅವನ ಜಾತಿ, ಊರು, ಧರ್ಮದ ಹೆಸರಿನಲ್ಲಿ ಒಂದು ಅಚ್ಚು ಸಿದ್ಧ ಮಾಡಿ ಇಟ್ಟುಕೊಂಡಿರುತ್ತೇವಲ್ಲ, ಆ ಅಚ್ಚಿನ ಅಧ್ಯಯನವೇ ಇವರ ಜೀವಮಾನದ ಕೆಲಸ. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಬೀಗದ ಕೈ ಮೇಷ್ಟ್ರು’ ಎನ್ನುತ್ತಾರೆ. ಅದು ಅವರಿಗೆ ಗೊತ್ತು, ಮತ್ತು ನಿಜ ಹೇಳಬೇಕೆಂದರೆ ಅವರಿಗೆ ಆ ಹೆಸರು ಇಷ್ಟವೇ.

ಈ ವಾರ ಮಾತ್ರ ಅವರ ಜೀವ ಕೈಯಲ್ಲಿದೆ. ಹನ್ನೆರಡು ವರ್ಷದ ಈ ಕೆಲಸವೆಲ್ಲ ನೂರ ನಲವತ್ತು ಪುಟದ ಪುಸ್ತಕವಾಗಿ ಅಚ್ಚಿಗೆ ನಿಂತಿದೆ. ಒಂದು ಪುಟ ಮಾತ್ರ ಖಾಲಿ ಇದೆ. ಅಲ್ಲಿ ಆ ಫೋಟೋ ಬರಬೇಕು. ಸೋಮವಾರದೊಳಗೆ ಫೋಟೋ ಅಚ್ಚು ಹಾಕುವ ಲೋಹದ ಬ್ಲಾಕ್ ಮಾಡಿಸಲು ಕೊಡದಿದ್ದರೆ ಬೇರೆ ಕೆಲಸ ಎತ್ತಿಕೊಳ್ಳುತ್ತೇವೆ ಎಂದು ಮತ್ತಿಕೆರೆಯ ಮುದ್ರಣಾಲಯದವರು ಹೇಳಿಬಿಟ್ಟಿದ್ದಾರೆ. ಸುಗ್ರಾ ಅವರು ಇನ್ನೂ ಹೂಂ ಅಂದಿಲ್ಲ. ಅವರು ಹೂಂ ಅನ್ನದ ಹೊರತು ಪುಸ್ತಕ ಹೊರಗೆ ಬರುವುದಿಲ್ಲ ಎಂದು ಅಪ್ಪಾಸಾಹೇಬರು ತಮಗೆ ತಾವೇ ಮಾತು ಕೊಟ್ಟುಕೊಂಡಿದ್ದಾರೆ.

ಅಥಣಿ ಕಡೆ ಓಣಿಗೊಬ್ಬ ಅಪ್ಪಾಸಾಹೇಬ ಸಿಗುತ್ತಾನೆ. ಅಲ್ಲಿನ ಲಿಂಗಾಯತರ ಮನೆಗಳಲ್ಲಿ ಅದು ಅಜ್ಜ ಮುತ್ತಜ್ಜರ ಹೆಸರು. ಹದಿನೈದು ವರ್ಷ ಅಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು, ನಡುವಯಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿಕೊಂಡು, ೧೯೭೧ರಲ್ಲಿ ಹೆಂಡತಿ ಈರವ್ವನವರ ಜೊತೆ ಬೆಂಗಳೂರಿಗೆ ಬಂದರು. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕರು ಹೆಸರು ಕೇಳಿದರು, ಕೇಳಿದ್ದೇ ತಡ ಮನೆ ಆಗಲೇ ಬೇರೆಯವರಿಗೆ ಆಗಿದೆ ಎಂದರು. ಹೆಸರಿನ ‘ಸಾಹೇಬ’ ಕೇಳಿ ತಮ್ಮನ್ನು ಮುಸ್ಲಿಮರೆಂದುಕೊಂಡರೆಂದು ಅಪ್ಪಾಸಾಹೇಬರಿಗೆ ತಕ್ಷಣ ಹೊಳೆಯಿತು. ಕೊರಳಿನ ಲಿಂಗದ ಕಾಯಿ ಹೊರಗೆ ತೆಗೆದು ತೋರಿಸಿದರು. ಮಾಲೀಕರ ಮುಖ ಅರಳಿತು, ಒಳಗಿನಿಂದ ಕಾಫಿ ಬಂತು, ಮನೆಯೂ ಆಯಿತು.

“ಆ ಕಾಫಿ ನಾ ಕುಡಿದೆ ನೋಡ್ರಿ,” ಎನ್ನುತ್ತಾರೆ ಅವರು. “ಅವರು ಮಾಡಿದ್ದು ಒಂದು ಕಡೆ ಇರಲಿ. ನಾ ಯಾಕ ಅಷ್ಟು ಲಗೂನ ಕೊರಳಿಗೆ ಕೈ ಹಾಕಿದೆ? ನಾ ಅವರಲ್ಲ, ನಿಮ್ಮವ ಅಂತ ಹೇಳಾಕ ಅಷ್ಟು ಅವಸರ ಯಾಕಿತ್ತು? ಅದನ್ನ ತಿಳಕೊಳ್ಳೂದಕ್ಕ ಇಷ್ಟು ವರ್ಷ ಬೇಕಾದವು.”

ಎರಡು ವರ್ಷ ಆ ಮನೆಯಲ್ಲಿ ಅವರಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ ಎಂದು ಈರವ್ವನವರು ನಗುತ್ತಾರೆ. ಆಮೇಲೆ ಯಶವಂತಪುರದ ಒಂದು ವಠಾರಕ್ಕೆ ಬಂದರು. ಪಕ್ಕದ ಮನೆ ಲಾರಿ ಮೆಕ್ಯಾನಿಕ್ ಮುಕ್ತಾರ್ ಅವರದು. ಅವರ ಹೆಂಡತಿ ಸುಗ್ರಾ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಾರೆ. ವಠಾರದ ವಾಡಿಕೆಯಂತೆ ಹೊರಗೆ ಹೋಗುವವರು ಮನೆಯಲ್ಲಿರುವವರ ಹತ್ತಿರ ಬೀಗದ ಕೈ ಕೊಟ್ಟು ಹೋಗುತ್ತಿದ್ದರು. ಸುಗ್ರಾ ಸದಾ ಮನೆಯಲ್ಲಿರುವವರು. ಹಾಗಾಗಿ ನಾಲ್ಕಾರು ಮನೆಗಳ ಬೀಗದ ಕೈಗಳು ಅವರ ಮೆಷಿನ್ನಿನ ಪಕ್ಕದ ಮೊಳೆಗೆ ನೇತಾಡುತ್ತಿದ್ದವು.

ಸಂಶೋಧನೆ ಸುರುವಾದದ್ದು ಮಾತ್ರ ಎಡವಟ್ಟಿನಿಂದ. ಹೊರದೇಶದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ಇಳಿಸಿಕೊಂಡು ಬಾ ಎಂದರು ಡಾಕ್ಟರೇಟಿನ ಮಾರ್ಗದರ್ಶಕರು. ಇಂಥ ಜಾತಿಯವರು ಸೋಮಾರಿಗಳೋ ಶ್ರಮಜೀವಿಗಳೋ, ಇಂಥ ಊರಿನವರು ಜಗಳಗಂಟರೋ ಸಾಧುಗಳೋ ಎಂದು ಗೆರೆ ಎಳೆಯುವ ಕ್ರಮ ಅದು. ಅಪ್ಪಾಸಾಹೇಬರು ಹೆಬ್ಬಾಳದಿಂದ ಯಲಹಂಕದವರೆಗೆ ಅಲೆದು ಆರುನೂರು ಹಾಳೆ ತುಂಬಿಸಿ ತಂದರು. ಆರುನೂರಕ್ಕೆ ಆರುನೂರೂ ಜನ ಎಲ್ಲರೂ ಒಳ್ಳೆಯವರು, ನಮಗೆ ಯಾರಾದರೂ ಒಂದೇ ಎಂದು ಗೆರೆ ಎಳೆದಿದ್ದರು. ಮನೆಗೆ ಬಂದ ಮೇಷ್ಟ್ರಿಗೆ ಸಭ್ಯ ಉತ್ತರ ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದ್ದರು. ಎರಡು ವರ್ಷದ ದುಡಿಮೆ ಹೋಯಿತು. ಈರವ್ವನವರು ಆ ಹಾಳೆಗಳನ್ನು ಅಡುಗೆಮನೆಯ ಗೂಡುಗಳಿಗೆ ಹಾಸಿದರು. ಅದರಿಂದ ಒಬ್ಬರಿಗಾದರೂ ಉಪಯೋಗವಾಯಿತು.

ಈರವ್ವನವರು ಮನೆಯಲ್ಲಿಲ್ಲದ ಒಂದು ಬೆಳಿಗ್ಗೆ ಅಪ್ಪಾಸಾಹೇಬರು ಕಾಲೇಜಿಗೆ ಹೊರಡುವಾಗ ಸುಗ್ರಾ ಅವರ ಕೈಗೆ ಬೀಗದ ಕೈ ಕೊಟ್ಟು ನಾಲ್ಕು ಹೆಜ್ಜೆ ನಡೆದಿದ್ದರಂತೆ, ಅಲ್ಲೇ ನಿಂತುಬಿಟ್ಟರು. ಅಭಿಪ್ರಾಯ ಕೇಳಿದರೆ ಜನ ಬಾಯಿಂದ ಉತ್ತರ ಕೊಡುತ್ತಾರೆ. ಬೀಗದ ಕೈ ಕೇಳಿದರೆ? ಅದು ಆಗಲೂ ಅವರ ಸೊಂಟದಲ್ಲೋ ಜೇಬಿನಲ್ಲೋ ಇರುತ್ತದೆ, ಇಲ್ಲವೇ ಆ ಬೆಳಿಗ್ಗೆ ತಾನೇ ಯಾರಿಗೋ ಕೊಟ್ಟು ಬಂದಿರುತ್ತಾರೆ. ಆ ಮಾತಿಗೆ ಸಭ್ಯ ಉತ್ತರ ಹುಡುಕಲು ಪುರುಸೊತ್ತಿರುವುದಿಲ್ಲ.

ಸುಗ್ರಾ ಅವರನ್ನೇ ಕೇಳಿಕೊಂಡು, ಆರ್.ಟಿ. ನಗರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದರು. ಕಾಲೇಜಿನ ಪಾಠಕ್ಕೆ ಎಂದಷ್ಟೇ ಹೇಳಿದ್ದರು. ಸುಗ್ರಾ ನಾಚಿಕೊಂಡು ಸೆರಗನ್ನು ಹಣೆಯ ಮೇಲೆ ಇಳಿಬಿಟ್ಟುಕೊಂಡರು, ಹಾಗಾಗಿ ಬೊಟ್ಟಿದೆಯೋ ಇಲ್ಲವೋ ಫೋಟೋದಲ್ಲಿ ತಿಳಿಯುವುದಿಲ್ಲ. ಅದೇ ಮುಖದ ನಾಲ್ಕು ಕಾರ್ಡು, ಬೇರೆ ಬೇರೆ ಜಾತಿ, ಸೀಮೆ, ಧರ್ಮ ಸೂಚಿಸುವ ನಾಲ್ಕು ಹೆಸರು: ಗೋಪಾಲಮ್ಮ, ಸಂಗವ್ವ, ಮುನಿಗಂಗಮ್ಮ, ಸುಗ್ರಾ. ಒಬ್ಬರಿಗೆ ಒಂದೇ ಕಾರ್ಡು ತೋರಿಸಬೇಕು. ವಾರಕ್ಕೆ ಎರಡು ದಿನ, ದಿನಕ್ಕೆ ಹತ್ತು ಜನ. ಸುಗ್ರಾ ಅವರ ಗುರುತು ಇರುವವರು ಯಾರೂ ಸಿಗಬಾರದೆಂದು ಯಶವಂತಪುರ ಬಿಟ್ಟು ದಾಸರಹಳ್ಳಿಯ ಸ್ಟಾಪನ್ನು ಆರಿಸಿಕೊಂಡರು. ಇವತ್ತಿಗೆ ಎಂಟು ಸಾವಿರದ ನಾನೂರು ಜನರನ್ನು ಕೇಳಿದ್ದಾರೆ. ಗೋಪಾಲಮ್ಮನಿಗೆ ನೂರಕ್ಕೆ ಎಪ್ಪತ್ತಮೂರು ಜನ ಬೀಗದ ಕೈ ಕೊಡುತ್ತಾರೆ, ಸಂಗವ್ವನಿಗೆ ಅರವತ್ತೊಂದು, ಮುನಿಗಂಗಮ್ಮನಿಗೆ ಐವತ್ತೆಂಟು. ಸುಗ್ರಾ ಎಂದು ಬರೆದಿದ್ದರೆ ಮೂವತ್ತೆಂಟು.

ಚಳಿ ಮಳೆಯ ಕಷ್ಟವನ್ನು ಅವರು ಕಷ್ಟವೆಂದು ಎಣಿಸುವುದಿಲ್ಲ. ೧೯೭೮ರಲ್ಲಿ ಯಾರೋ ದೂರು ಕೊಟ್ಟು ಪೊಲೀಸರು ಕರೆದೊಯ್ದಿದ್ದರು. ಬೆಳ್ಳಂಬೆಳಿಗ್ಗೆ ಹೆಂಗಸಿನ ಫೋಟೋ ಹಿಡಿದು ಮನೆ ಬೀಗದ ವಿಚಾರ ಕೇಳುವವನನ್ನು ಕನ್ನ ಹಾಕುವವರ ಕಡೆಯವನೆಂದುಕೊಂಡರೆ ತಪ್ಪೇನಿಲ್ಲ ಬಿಡಿ. ಠಾಣೆಯ ರೈಟರು ಹೆಸರು ಕೇಳಿ, ಧರ್ಮದ ಕಾಲಮ್ಮನ್ನು ತಾವೇ ತುಂಬಿಕೊಂಡರು. ಅಪ್ಪಾಸಾಹೇಬರು ಅದನ್ನು ನೋಡಿದರು, ಈ ಸಲ ಕೊರಳಿಗೆ ಕೈ ಹಾಕಲಿಲ್ಲ. ಕಾಲೇಜಿನಿಂದ ಪ್ರಿನ್ಸಿಪಾಲರು ಬರುವ ತನಕ ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದರು. ಆ ಮೂರು ಗಂಟೆಯ ಬಗ್ಗೆ ಹೇಳುವಾಗ ಅವರ ದನಿಯಲ್ಲಿ ಸಣ್ಣ ಖುಷಿ ಇರುತ್ತದೆ. ಬಸ್ ಸ್ಟಾಪು ಪ್ರಯೋಗಶಾಲೆಯಲ್ಲ ಎಂದು ಪ್ರಬಂಧ ಎರಡು ಬಾರಿ ವಾಪಸು ಬಂತು. ಕೊನೆಗೆ ಡಾಕ್ಟರೇಟು ಸಿಕ್ಕಾಗ ವಯಸ್ಸು ಐವತ್ತನಾಲ್ಕು, ಬಡ್ತಿಯ ಪಟ್ಟಿ ಆಗಲೇ ಮುಂದೆ ಹೋಗಿತ್ತು.

ನಿಜವಾದ ಪೆಟ್ಟು ಬಿದ್ದದ್ದು ೧೯೮೧ರಲ್ಲಿ. ಯಶವಂತಪುರದಿಂದ ಹೊಸದಾಗಿ ದಾಸರಹಳ್ಳಿಗೆ ಮನೆ ಬದಲಿಸಿದ್ದ ಬ್ಯಾಟರಾಯಪ್ಪ ಎಂಬ ಕಾರ್ಮಿಕ ಸ್ಟಾಪಿನಲ್ಲಿ ಕಾರ್ಡು ನೋಡಿ ಬೆಚ್ಚಿದರು. ಅವರ ಹೆಂಡತಿಯ ರವಿಕೆಗಳನ್ನೆಲ್ಲ ಹೊಲಿದಿದ್ದು ಇದೇ ಸುಗ್ರಾ. ಇವರ ಫೋಟೋದ ಕೆಳಗೆ ಮುನಿಗಂಗಮ್ಮ ಎಂದು ಯಾಕೆ ಬರೆದಿದ್ದೀರಿ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಸುದ್ದಿ ವಠಾರ ತಲುಪಿತು: ಸುಗ್ರಾ ಅವರ ಫೋಟೋಕ್ಕೆ ಇನ್ಯಾರದೋ ಹೆಸರು ಹಚ್ಚಿ ಮೇಷ್ಟ್ರು ಬೀದಿಯಲ್ಲಿ ತೋರಿಸುತ್ತಿದ್ದಾರೆ.

ಸುಗ್ರಾ ಜಗಳ ಮಾಡಲಿಲ್ಲ. ಮೊಳೆಯಿಂದ ಬೀಗದ ಕೈ ತೆಗೆದು, ಬಾಗಿಲಿಗೆ ಬಂದು, ಈರವ್ವನವರ ಕೈಯಲ್ಲಿಟ್ಟು ಹೋದರು. ಈರವ್ವನವರು ಗಂಡನ ಕಡೆ ತಿರುಗಿ ಹೇಳಿದ ಮಾತು ವಠಾರಕ್ಕೆಲ್ಲ ಕೇಳಿಸಿತಂತೆ: “ಊರ ಮಂದಿಗೆಲ್ಲ ಕೇಳಿಕೋತ ಹೊಂಟಿದ್ರಿ. ಮಗ್ಗಲ ಮನಿಯಾಕಿಗೆ ಒಂದು ಮಾತು ಕೇಳಾಕ ಆಗಲಿಲ್ಲೇನು?”

ಅಪ್ಪಾಸಾಹೇಬರು ಕಾರ್ಡುಗಳನ್ನು ಟ್ರಂಕಿನಲ್ಲಿಟ್ಟರು. ಹತ್ತು ತಿಂಗಳು ದಾಸರಹಳ್ಳಿಯ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆಲ್ಲ, ಸುಗ್ರಾ ಅವರಿಗೆ ಮೊದಲೇ ಹೇಳಿದ್ದರೆ ಪ್ರಯೋಗ ಕೆಡುತ್ತಿತ್ತು ಎನ್ನುತ್ತಿದ್ದರು. ಅದು ಸುಳ್ಳು ಎಂದು ಅವರಿಗೇ ಗೊತ್ತಿತ್ತು. ಉತ್ತರ ಹೇಳುವವರಿಗೆ ಗೊತ್ತಾಗಬಾರದಿತ್ತು ಅಷ್ಟೆ, ಫೋಟೋದಲ್ಲಿ ಇರುವವರಿಗೆ ಗೊತ್ತಾದರೆ ಯಾವ ಪ್ರಯೋಗವೂ ಕೆಡುತ್ತಿರಲಿಲ್ಲ.

“ಆ ಮೂವತ್ತೆಂಟು ಅನ್ನೂದನ್ನ ಆಕಿ ಮುಂದ ಹೇಳಾಕ ನನಗ ಬಾಯಿ ಬರಲಿಲ್ರಿ,” ಎನ್ನುತ್ತಾರೆ. “ಶಾಸ್ತ್ರದ ಹೆಸರು ಹೇಳಿ ತಪ್ಪಿಸಿಕೊಂಡೆ.”

ಕೊನೆಗೊಂದು ದಿನ ಹೋಗಿ, ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಸುಗ್ರಾ ಮೆಷಿನ್ ನಿಲ್ಲಿಸದೆ ಕೇಳಿದರು. ಕೇಳಿ ಮುಗಿದ ಮೇಲೆ ಒಂದೇ ಷರತ್ತು ಹಾಕಿದರು: ಕಾರ್ಡು ತೋರಿಸಿ, ಕೇಳಿ, ಬರೆದುಕೊಳ್ಳಿ, ಆದರೆ ಆಮೇಲೆ ಅವರಿಗೆ ನಾನು ಯಾರೆಂದು ಹೇಳಿ. ಅವತ್ತಿನಿಂದ ನೋಟುಬುಕ್ಕಿನಲ್ಲಿ ಇನ್ನೊಂದು ಅಂಕಣ ಬಂತು. ನಿಜ ತಿಳಿದ ಮೇಲೆ ಜನ ಏನು ಹೇಳುತ್ತಾರೆ ಎಂಬುದು ಅಲ್ಲಿ ಬರುತ್ತದೆ. ಕೆಲವರು ಬೈಯುತ್ತಾರೆ, ಕೆಲವರು ಸುಮ್ಮನಾಗುತ್ತಾರೆ, ಕೆಲವರು ಬಸ್ಸಿನ ಮೆಟ್ಟಿಲಿನಿಂದ ಕೂಗಿ ಹೇಳುತ್ತಾರೆ. ಪುಸ್ತಕದಲ್ಲಿ ಎಲ್ಲಕ್ಕಿಂತ ಜೀವವಿರುವ ಅಧ್ಯಾಯ ಅದೇ. ಬೀಗದ ಕೈ ಮೊಳೆಗೆ ವಾಪಸು ಬಂದದ್ದು ಯಾವತ್ತು ಎಂದು ಇಬ್ಬರಿಗೂ ಈಗ ನೆನಪಿಲ್ಲ.

ಆದರೆ ಬಸ್ ಸ್ಟಾಪಿನ ಮಾತೇ ಬೇರೆ, ಪುಸ್ತಕದ ಮಾತೇ ಬೇರೆ. ಕಾರ್ಡು ಜೇಬಿಗೆ ಹೋಗುತ್ತದೆ, ಪುಸ್ತಕ ಉಳಿಯುತ್ತದೆ. ಸುಗ್ರಾ ಅವರ ಮಗಳಿಗೆ ತುಮಕೂರಿನ ಕಡೆಯಿಂದ ಸಂಬಂಧ ಬಂದಿದೆ. ಬೀಗರಾಗುವವರು ಕನ್ನಡ ಬಲ್ಲವರು. ಪುಸ್ತಕ ಅವರ ಕೈಗೆ ಸಿಕ್ಕಿ, ನೂರರಲ್ಲಿ ಅರವತ್ತೆರಡು ಜನ ನಂಬದ ಹೆಂಗಸು ಎಂದು ತನ್ನ ಮುಖ ಕಂಡರೆ ಏನು ಗತಿ ಎಂಬ ಅಳುಕು ಸುಗ್ರಾ ಅವರಿಗಿದೆ. ಫೋಟೋದ ಕಣ್ಣಿಗೆ ಕಪ್ಪು ಪಟ್ಟಿ ಹಾಕಿ ಅಚ್ಚು ಮಾಡಿಸಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಪೇಪರಿನಲ್ಲಿ ಬರುವ ಆರೋಪಿಯ ಫೋಟೋದಂತೆ ಕಾಣುತ್ತದೆ, ಅದಕ್ಕಿಂತ ಪುಸ್ತಕ ಸುಟ್ಟರೂ ಸರಿ ಎಂದು ಅಪ್ಪಾಸಾಹೇಬರು ಕೆಂಡವಾದರು. ಮುಕ್ತಾರ್ ಅವರನ್ನು ಕೇಳಿದರೆ, ಮುಖ ಅವಳದು, ಅವಳನ್ನೇ ಕೇಳಿ ಎನ್ನುತ್ತಾರೆ. ಬುಧವಾರ ಸುಗ್ರಾ ಅವರು ಕರಡು ಪುಟಗಳನ್ನೆಲ್ಲ ಓದಲು ತರಿಸಿಕೊಂಡರು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು ಅವರು.

ಶನಿವಾರ ಮಧ್ಯಾಹ್ನ ಸುಗ್ರಾ ಅವರ ಮನೆಯಿಂದ ಕರೆ ಬರುತ್ತದೆ. ಮುಕ್ತಾರ್ ಬಾಗಿಲ ಹತ್ತಿರ ಕೂತಿದ್ದಾರೆ, ಈರವ್ವನವರು ಒಳಗೆ ಸುಗ್ರಾ ಅವರ ಮಗಳ ಜೊತೆ ಚಹಾ ಮಾಡುತ್ತಿದ್ದಾರೆ. ಅಪ್ಪಾಸಾಹೇಬರು ಕೋಟಿನ ಗುಂಡಿಯನ್ನು ಹಾಕುವುದು ಬಿಚ್ಚುವುದು ಮಾಡುತ್ತ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಪರೀಕ್ಷೆಗೆ ಕೂತ ಹುಡುಗರಿಗೂ ಅಷ್ಟು ಪುಕ್ಕಲು ಇರಲಾರದು.

ಸುಗ್ರಾ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಹೆಸರಿನ ಕಾರ್ಡನ್ನು ಒಟ್ಟು ಎಷ್ಟು ಜನಕ್ಕೆ ತೋರಿಸಿದಿರಿ ಎಂದು ಕೇಳುತ್ತಾರೆ. ಎರಡು ಸಾವಿರದ ನೂರು ಎನ್ನುತ್ತಾರೆ ಅಪ್ಪಾಸಾಹೇಬರು. ಅದರಲ್ಲಿ ಕೊಡುತ್ತೇನೆ ಅಂದವರು? ಅಪ್ಪಾಸಾಹೇಬರು ಎಂದೂ ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿಲ್ಲ. ಕೋಷ್ಟಕದಲ್ಲಿ ಬೆರಳಿಟ್ಟು ಹುಡುಕಿ ಹೇಳಬೇಕಾಗುತ್ತದೆ. ಏಳುನೂರ ತೊಂಬತ್ತೆಂಟು.

ಸುಗ್ರಾ ಆ ಸಂಖ್ಯೆಯನ್ನು ಗಂಡನಿಗೆ ಉರ್ದುವಿನಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಮುಕ್ತಾರ್ ಬಾಯಿಯಲ್ಲಿದ್ದ ಕಡ್ಡಿ ತೆಗೆದು ಇತ್ತ ನೋಡುತ್ತಾರೆ.

“ನಾನು ಯಾರು ಅಂತ ಅವ್ರಿಗೆ ಗೊತ್ತಿಲ್ಲ ಮೇಷ್ಟ್ರೇ,” ಎನ್ನುತ್ತಾರೆ ಸುಗ್ರಾ. “ಬರೀ ಹೆಸರು ನೋಡಿದಾರೆ. ಮನೆ ಬೀಗದ ಕೈ ಕೊಡ್ತೀನಿ ಅಂದಿದಾರೆ. ಇಲ್ಲ ಅಂದೋರು ಯಾಕೆ ಇಲ್ಲ ಅಂದ್ರು ಅಂತ ಇದ್ರಲ್ಲಿ ಪೂರ್ತಿ ಬರ್ದಿದೀರ, ಎಲ್ಲಾ ಓದ್ದೆ. ಇವ್ರು ಯಾಕೆ ಹೂಂ ಅಂದ್ರು? ಅದು ಎಲ್ಲಿದೆ?”

ಅಪ್ಪಾಸಾಹೇಬರು ಪುಟಗಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ತಿರುವುತ್ತಾರೆ. ಹುಡುಕಬೇಕಾದ್ದೇನೂ ಇಲ್ಲ ಎಂದು ಗೊತ್ತಿದ್ದರೂ ತಿರುವುತ್ತಾರೆ. ಏಳು ಅಧ್ಯಾಯ, ನೂರ ನಲವತ್ತು ಪುಟ, ಹನ್ನೆರಡು ವರ್ಷ. ಅಷ್ಟರಲ್ಲಿ ಒಮ್ಮೆಯೂ ಅವರು ಹೂಂ ಅಂದವರನ್ನು ನಿಲ್ಲಿಸಿ ಯಾಕೆಂದು ಕೇಳಿಲ್ಲ. ಹೂಂ ಅಂದವರು ಅವರ ಲೆಕ್ಕದಲ್ಲಿ ತೊಂದರೆ ಇಲ್ಲದವರು, ವಿವರಿಸಬೇಕಾಗಿಲ್ಲದವರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಳ್ಳುತ್ತಾರೆ, ಆದರೆ ಒದ್ದೆಯಾಗಿರುವುದು ಕನ್ನಡಕವಲ್ಲ.

“ಇಲ್ಲ ತಂಗಿ,” ಎನ್ನುತ್ತಾರೆ. “ಅದನ್ನ ನಾ ಕೇಳಲೇ ಇಲ್ಲ.”

ಚಹಾ ಬರುತ್ತದೆ. ಆಮೇಲೆ ಸುಗ್ರಾ ಖಾಲಿ ಬಿಟ್ಟ ಪುಟವನ್ನು ಮೇಲೆ ತೆಗೆದಿಟ್ಟು, ಅದರ ಮೇಲೆ ಅಂಗೈ ಇಟ್ಟು ಸುಕ್ಕು ಸರಿಮಾಡುತ್ತಾರೆ. “ಫೋಟೋ ಹಾಕ್ಸಿ. ಕೆಳಗೆ ನನ್ನ ಹೆಸರೇ ಇರ್ಲಿ. ಬೀಗರು ಕೇಳಿದ್ರೆ ಏಳ್ನೂರ ತೊಂಬತ್ತೆಂಟು ಜನ ಅಂತ ನಾನೇ ಹೇಳ್ತೀನಿ.”

ಸೋಮವಾರ ಫೋಟೋ ಮತ್ತಿಕೆರೆಗೆ ಹೋಗುತ್ತದೆ. ಮಂಗಳವಾರ ಐದೂ ಮುಕ್ಕಾಲಿಗೆ ಅಪ್ಪಾಸಾಹೇಬರು ದಾಸರಹಳ್ಳಿಯಲ್ಲಿದ್ದಾರೆ. ಕೈಯಲ್ಲಿ ಒಂದೇ ಕಾರ್ಡು, ಸುಗ್ರಾ ಎಂದು ಬರೆದದ್ದು. ನೋಟುಬುಕ್ಕಿನ ಹೊಸ ಪುಟದಲ್ಲಿ ಒಂದೇ ಅಂಕಣ. ಆರು ಜನ ಇಲ್ಲ ಎನ್ನುತ್ತಾರೆ, ಅವರಿಗೆ ನಮಸ್ಕಾರ ಹೇಳಿ, ನಿಜ ಹೇಳಿ, ಮುಂದೆ ಹೋಗುತ್ತಾರೆ. ಏಳನೆಯವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಚನ್ನಪ್ಪ ಎಂಬ ಲೇಥ್ ಕೆಲಸಗಾರ, ಕೊಟ್ಟು ಹೋಗುತ್ತೇನೆ ಎನ್ನುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ ಚನ್ನಪ್ಪನವರಿಗೆ ಗಲಿಬಿಲಿಯಾಗುತ್ತದೆ. ಇಂಥದ್ದನ್ನು ಯಾರೂ ಅವರನ್ನು ಕೇಳಿದ್ದಿಲ್ಲ. ತಲೆ ಕೆರೆದುಕೊಂಡು, ಬಂದ ಬಸ್ಸನ್ನೂ ಹೋಗಲು ಬಿಟ್ಟು, ಕಲ್ಲಿನ ಮೇಲೆ ಕೂತು ಹೇಳಲು ಸುರು ಮಾಡುತ್ತಾರೆ. ಅಪ್ಪಾಸಾಹೇಬರೂ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾರೆ.

ನಿವೃತ್ತಿಯಾದ ಮೇಲೆ ಅಥಣಿಗೆ ಹೋಗುತ್ತೀರಾ ಎಂದು ಕೇಳಿದರೆ ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

“ಏಳುನೂರ ತೊಂಬತ್ತೆಂಟು ಮಂದಿ ಇಲ್ಲೇ ಎಲ್ಲೋ ಅದಾರ್ರಿ. ಹೆಸರು ಬರಕೊಂಡಿಲ್ಲ, ಆದ್ರ ದಿನಾ ಇದ ಬಸ್ಸಿಗೆ ಬರ್ತಾರ. ಒಬ್ಬೊಬ್ಬರನ್ನ ಹುಡುಕಿ ಯಾಕ ಹೂಂ ಅಂದ್ರಿ ಅಂತ ಕೇಳಬೇಕು. ಕೇಳಿ, ಸುಗ್ರಾ ತಂಗಿಗೆ ಓದಿ ಹೇಳಬೇಕು. ಆಕಿ ಕಾಯಾಕತ್ತಾಳ.”